ಜವರಮ್ಮ ಸರಿಸಿದ ಮೀಸೆ

ಆಲ್ದೂರು,
17-2-2006

ಪ್ರೀತಿಯ ತಮ್ಮ ರವಿಗೆ,

ಸಮಸ್ತ ಕಾಫಿ ಸೀಮೆಯ ಪರವಾಗಿ ಈ ಮೂಲಕ ಪ್ರಕಟಿಸುವುದೇನೆಂದರೆ, ಮೊನ್ನೆ ಬುಧವಾರ ಬೆಂಗಳೂರಿನ ಒಬ್ಬ ದೊಡ್ಡ ಡಾಕ್ಟರ ಮೀಸೆ ಒಂದು ಅಕ್ಕಿಕಾಳಿನಷ್ಟು ಮೇಲಕ್ಕೆ ಸರಿದಿದೆ. ಸರಿಸಿದವಳು ನಿನ್ನ ಅತ್ತಿಗೆ ಜವರಮ್ಮ. ಈ ಸಂಭ್ರಮದಲ್ಲಿ ಕ್ಷೇಮ ಕೇಳುವುದನ್ನೇ ಮರೆತೆ. ಅದೇ ಬೆಂಗಳೂರಲ್ಲಿ ದಿನವಿಡೀ ಸಿಟಿ ಬಸ್ ಓಡಿಸುವ ನಿನ್ನ ಸೊಂಟ ಹೇಗಿದೆ? ನಾವಿಬ್ಬರೂ ಚೆನ್ನಾಗಿದ್ದೇವೆ. ಹೋದ ತಿಂಗಳು ಹೀಗೆ ಬರೆಯುವ ಧೈರ್ಯವಿರಲಿಲ್ಲ, ಅದಕ್ಕೇ ಬರೆಯಲಿಲ್ಲ.

ಇಪ್ಪತ್ತೈದು ವರ್ಷ ಪಲ್ಪರ್ ಮನೆಯಲ್ಲಿ, ಕಾಫಿ ಹಣ್ಣು ಸುಲಿಯುವ ಯಂತ್ರದ ಮುಂದೆ ನಿಂತು ಅವಳ ಎರಡೂ ಕಿವಿ ಹೋದದ್ದು ನಿನಗೆ ಗೊತ್ತು. ಆದರೆ ಆ ಗದ್ದಲದಲ್ಲಿ ಯಾರು ತಾನೇ ಕಿವಿಯಿಂದ ಕೇಳುತ್ತಾರೆ? ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ಹಿಡಿಯುವವರು. ನಾನು ಯಂತ್ರದಾಚೆ ನಿಂತು ಬಾಯೊಳಗೇ ಬೈದುಕೊಂಡರೂ ಅವಳು ಈಚೆಯಿಂದ ಉತ್ತರ ಕೊಡುತ್ತಿದ್ದಳು. ಇಂಥವಳಿಗೆ ಎದೆಯ ತೊಂದರೆ ಬಂತು. ಬೆಂಗಳೂರಿಗೆ ಹೋಗಬೇಕಿಲ್ಲ, ಚಿಕ್ಕಮಗಳೂರಿನ ಒಂದು ಆಸ್ಪತ್ರೆಯ ಟೀವಿಯಲ್ಲೇ ಅಲ್ಲಿನ ಡಾಕ್ಟರು ನಮ್ಮನ್ನು ನೋಡಿ ಮಾತಾಡುತ್ತಾರೆ ಎಂದರು. ಹೋದೆವು. ಟೀವಿಯಲ್ಲಿ ಡಾಕ್ಟರಿಗಿಂತ ಮೊದಲು ಅವರ ಮೀಸೆ ಬಂತು. ಅದರಡಿ ಬಾಯಿ ಹುಡುಕಿ ಸೋತ ಜವರಮ್ಮ ನನ್ನತ್ತ ನೋಡಿದಳು. ನಾನು ಎಲ್ಲ ಕೇಳಿಸಿಕೊಂಡವನ ಗಾಂಭೀರ್ಯದಲ್ಲಿ ತಲೆಯಾಡಿಸಿದೆ. ಡಾಕ್ಟರು ಹೇಳಿದ್ದು ದಿನಕ್ಕೆ ಕಾಲು ಮಾತ್ರೆ. ನನ್ನ ಕಿವಿ ಮನೆಗೆ ತಂದದ್ದು ನಾಲ್ಕು. ಎರಡನೇ ದಿನ ಅವಳು ಕಾಫಿ ಕಣದಲ್ಲಿ ಕುಸಿದು ಬಿದ್ದಳು.

ಮೂರು ದಿನ ಡ್ರಿಪ್ ಹಾಕಿದರು. ಕಣ್ಣು ಬಿಟ್ಟವಳೇ ಹೇಳಿದಳು: "ಇನ್ಮೇಲೆ ನನ್ನ ಜೀವದ ಮಾತು ನಾನೇ ಕೇಳ್ಕೋತೀನಿ. ನೀವು ಚೀಲ ಹಿಡ್ಕೊಂಡು ಬಂದ್ರೆ ಸಾಕು."

ಈ ತಿಂಗಳ ಒಂದನೇ ತಾರೀಕು ಚೀಲ ಹಿಡಿದು ಹೋದೆ. ಅಲ್ಲಿನ ನರ್ಸ್ ಮೇಘಶ್ರೀ ಹೋದ ಸಲದಂತೆ ನನ್ನನ್ನು ಮುಂದೆ ಕೂರಿಸಲು ಬಂದರೆ, ಇವಳು ಕುರ್ಚಿ ಎಳೆದುಕೊಂಡು ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕೂತಳು.

"ಡಾಕ್ಟ್ರೇ, ನಿಮ್ಮ ಮಾತೆಲ್ಲ ಮೀಸೇಲೇ ಸಿಕ್ಕಾಕ್ಕೊಂಡಿದೆ. ಸ್ವಲ್ಪ ಎತ್ತಿ ಹಿಡ್ಕೊಳಿ."

ಡಾಕ್ಟರು ಅಲುಗಾಡಲಿಲ್ಲ. ಟೀವಿ ಕೆಟ್ಟಿತೆಂದುಕೊಂಡೆ. ಆಮೇಲೆ ಆ ಮಹಾನುಭಾವರು ಎರಡು ಬೆರಳಲ್ಲಿ ನಾಟಕದ ಪರದೆಯಂತೆ ಮೀಸೆ ಎತ್ತಿ, ನಿಧಾನವಾಗಿ ಮಾತಾಡಿದರು. ಇವಳು ಪಾಠ ಒಪ್ಪಿಸಿದಳು: ಕಾಲು, ಬೆಳಿಗ್ಗೆ, ತಿಂಡಿ ಆದಮೇಲೆ. ಆಪರೇಷನ್ ಬೇಕಾ ಎಂದು ಅವಳೇ ಕೇಳಿದಳು. ಬೇಡವಂತೆ. ಆ 'ಬೇಡ' ಅವಳ ಮುಖದಲ್ಲಿ ಬೆಳಗಿತು. ಅದನ್ನು ತಿಳಿಯಲು ನನಗೂ ಕಿವಿ ಬೇಕಾಗಲಿಲ್ಲ.

ಮೊನ್ನೆ ಡಾಕ್ಟರು ಮೀಸೆ ಕತ್ತರಿಸಿಕೊಂಡು, ಮುಖಕ್ಕೆ ದೀಪ ಹಾಕಿಸಿಕೊಂಡು, ಮಾತ್ರೆಯ ಲೆಕ್ಕವನ್ನು ಹಲಗೆಯ ಮೇಲೆ ದಪ್ಪಗೆ ಬರೆದುಕೊಂಡೇ ಕೂತಿದ್ದರು. ಕಿವಿ ಕೇಳದವರು ಯಾರೇ ಬಂದರೂ ಇನ್ನು ಹೀಗೇ ಅಂತೆ. ಜವರಮ್ಮ ಕೋಟೆ ಗೆದ್ದವಳಂತೆ ಬಸ್ಸಿಳಿದಳು. ಈಗ ಕಣಕ್ಕೂ ಹೋಗಿ ಬರುತ್ತಾಳೆ.

ನಿನಗೆ ಅವಳ ಆಶೀರ್ವಾದ. ನನ್ನದೂ ಅವಳ ಹಿಂದೆಯೇ ಚೀಲ ಹಿಡಿದು ಬರುತ್ತಿದೆ.

ಇಂತಿ,
ಮೀಸೆ ಗೆದ್ದವಳ ಗಂಡ,
ನಿನ್ನ ಅಣ್ಣ ಶಿವಯ್ಯ

ತಾ.ಕ.: ಪೋಸ್ಟ್ ಡಬ್ಬ ತೆರೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮಾರ್ಚ್ ಒಂದನೇ ತಾರೀಕು ಬುಧವಾರ ಪಲ್ಪರ್ ಮನೆಯ ಭಾಗಮ್ಮ, ತಮ್ಮಯ್ಯ ಟೀವಿ ಮುಂದೆ ಕೂರುತ್ತಾರೆ. ಮೂರನೇ ಹೆಸರು ನನ್ನದು. ತಪ್ಪು ಮೀಸೆಯದೊಂದೇ ಆಗಿರಲಿಲ್ಲ, ರವಿ. ನನ್ನ ಕಿವಿಯೂ ಹೋಗಿದೆ, ಎರಡು ವರ್ಷದಿಂದ ಮುಚ್ಚಿಟ್ಟಿದ್ದೆ. ಅಷ್ಟರಲ್ಲಿ ಮೀಸೆ ಮತ್ತೆ ಬೆಳೆದಿರುತ್ತದೆ. ನಿನ್ನ ಬಸ್ಸು ಆ ಡಾಕ್ಟರ ಆಸ್ಪತ್ರೆಯ ಮುಂದೆಯೇ ಹೋಗುತ್ತದಲ್ಲ, ಹಿಂದಿನ ದಿನ ಮಂಗಳವಾರ ಡ್ಯೂಟಿ ಮುಗಿದ ಮೇಲೆ ಇಳಿದು ಒಮ್ಮೆ ನೋಡಿ ಬಾ. ಮೇಲ್ತುಟಿ ಕಾಣದಿದ್ದರೆ ಅತ್ತಿಗೆಯ ಹೆಸರು ಹೇಳು. ಜೇಬಿನಲ್ಲಿ ಒಂದು ಸಣ್ಣ ಕತ್ತರಿ ಇರಲಿ.