ಹೂವಿಗೆ ಬಂದವರು ರಾಶಿಗೂ ಬನ್ನಿ

ಎಳ್ಳು ಹೂವಾದಾಗ ಬಂದು, ಫೋಟೋ ತೆಗೆಸಿಕೊಂಡು, ರಾಶಿಯ ಹೊತ್ತಿಗೆ ಮುಖ ತೋರಿಸದ ಬೇಸಾಯ ಖಾತೆಯ ಸಾಹೇಬರಿಗೆ,

ಮಾನ್ಯರೇ, ತಾವು ಮಾದರಿ ಹೊಲವೆಂದು ಸಾರಿದ ನನ್ನ ಹೊಲದಲ್ಲಿ ಎಳ್ಳು ಬೆಳೆಯಲಿಲ್ಲ. ಗಿಡ ಬೆಳೆಯಿತು. ಇವೆರಡರ ವ್ಯತ್ಯಾಸ ತಮ್ಮ ಕಚೇರಿಗೆ ಇನ್ನೂ ತಲುಪಿದಂತಿಲ್ಲ. ಬರುವ ಮುಂಗಾರಿಗೆ ಊರವರೆಲ್ಲ ನನ್ನಂತೆಯೇ ಬಿತ್ತಬೇಕೆಂದು ಡಂಗುರ ಹೊಡೆಸಿದ್ದೀರಿ. ಅದಕ್ಕೇ ಈ ಪತ್ರ.

ನಮ್ಮದು ಮಸಾರಿ ಹೊಲ, ತೆಳುವಾದ ಕೆಂಪು ಮಣ್ಣು. ಒಂದು ಮೊಳ ಅಗೆದರೆ ಕಲ್ಲು. ಸಜ್ಜೆಯ ನಡುವೆ ಎಳ್ಳನ್ನು ಒತ್ತಾಗಿ ಬಿತ್ತಿ, ಮನೆಗೂ ಬೀಜಕ್ಕೂ ಸಾಕಾಗುವಷ್ಟು ತೆಗೆಯುತ್ತಿದ್ದೆವು. ತಾವು ಬಂದು, ಸಜ್ಜೆ ಬೇಡ, ಎಳ್ಳೊಂದೇ ಹಾಕು, ಸಾಲಿಗೆ ಎರಡಡಿ ಬಿಡು, ಗಿಡಕ್ಕೆ ಒಂದಡಿ ಬಿಡು, ನಡುವಿನವನ್ನೆಲ್ಲ ಕಿತ್ತುಹಾಕು, ಮೇಲೆ ಸರಕಾರಿ ಗೊಬ್ಬರ ಚೆಲ್ಲು ಎಂದಿರಿ. "ಇಷ್ಟು ಗೊಬ್ಬರಕ್ಕ ನೆಲದಾಗಿನ ಹಸಿ ಸಾಲತೈತೇನ್ರಿ?" ಎಂದು ನನ್ನ ಹೆಂಡತಿ ರೋಷನಬಿ ಕೇಳಿದಳು. ತಾವು ನಕ್ಕು, "ಪುಸ್ತಕದಾಗ ಬರದೈತಿ, ತಾಯಿ" ಎಂದಿರಿ. ಪುಸ್ತಕದ ಹೊಲಕ್ಕೆ ಬಾವಿ ಇತ್ತೋ ಇಲ್ಲವೋ, ಯಾರು ಕೇಳಬೇಕಿತ್ತು? ಮನೆಯಲ್ಲಿದ್ದ ಬೀಜವೆಲ್ಲ ಬಿತ್ತಿದೆವು.

ಗಿಡ ಆಳೆತ್ತರ ಬಂತು, ಸುಳ್ಳಲ್ಲ. ತಾವು ಒಂದು ಗಿಡದಲ್ಲಿ ಹೂವಿನ ಕೆಳಗೆ ಬಿಟ್ಟಿದ್ದ ಎಳೆಗಾಯಿ ಎಣಿಸಿ ಬೆರಗಾದಿರಿ. ಹೊಲದಲ್ಲಿ ಉಳಿದ ಗಿಡಗಳೆಷ್ಟು ಎಂದು ಎಣಿಸಲಿಲ್ಲ. ಫೋಟೋ ಆಯಿತು, ಜೀಪು ಹತ್ತಿದಿರಿ. ಆಮೇಲೆ ಮಳೆ ನಿಂತಿತು. ಅಷ್ಟು ದೊಡ್ಡ ಮೈ ಬೆಳೆಸಿಕೊಂಡ ಗಿಡಕ್ಕೆ ಕಾಳು ಕಟ್ಟುವ ಹೊತ್ತಿಗೆ ನೆಲದಲ್ಲಿ ಹಸಿಯೇ ಇರಲಿಲ್ಲ. ಬದುವಿನಾಚೆ ಹಳೆಯ ರೀತಿ ಬಿತ್ತಿದ್ದ ನೆರೆಯವನ ಗಿಡ್ಡ ಗಿಡಗಳು ಅದೇ ಮಳೆಯಲ್ಲಿ ಕಾಳು ಕಟ್ಟಿದವು.

ಎಳ್ಳಿನ ರಾಶಿ ತಾವು ನೋಡಿರಲಾರಿರಿ. ಕೊಯ್ದ ಗಿಡಗಳನ್ನು ಸಿವುಡು ಕಟ್ಟಿ, ನೆಟ್ಟಗೆ ನಿಲ್ಲಿಸಿ ಒಣಗಿಸುತ್ತೇವೆ. ಕಾಯಿ ಬಾಯಿ ಬಿಟ್ಟ ಮೇಲೆ ತಲೆಕೆಳಗು ಹಿಡಿದು ತಟ್ಟಿದರೆ ಜಮಖಾನದ ಮೇಲೆ ಮಳೆ ಬಿದ್ದಂತೆ ಸದ್ದು. ರೋಷನಬಿ ಮೊದಲ ಸಿವುಡು ತಟ್ಟಿದಳು. ಜೊಳ್ಳು ಹಾರಿತು. "ಇನ್ನೊಂದ ಕೊಡ್ರಿ" ಎಂದಳು. ಕೊಟ್ಟೆ. "ಇನ್ನೊಂದ ಕೊಡ್ರಿ." ಸಂಜೆಯವರೆಗೆ ಅಷ್ಟೇ ಮಾತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳುವೂ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಪ್ರತಿ ಸಂಕ್ರಾಂತಿಗೆ ನೆರೆಮನೆಗಳ ಸಜ್ಜೆರೊಟ್ಟಿಗೆ ನಮ್ಮ ಎಳ್ಳು ಹೋಗುತ್ತಿತ್ತು. ಈ ಸಲ ಅವರೇ ಎಳ್ಳು ಹಚ್ಚಿದ ರೊಟ್ಟಿ ತಂದುಕೊಟ್ಟರು. ತಿಂದೆವು. ರುಚಿ ಗೊತ್ತಾಗಲಿಲ್ಲ.

ಮೊನ್ನೆ ಮುದ್ದೇಬಿಹಾಳದ ಕಡೆಯಿಂದ ಕಾಳಪ್ಪನೆಂಬ ರೈತ ಖಾಲಿ ಚೀಲ ಹಿಡಿದು ಬಂದ. ತಾವು ತೆಗೆಸಿದ ಆ ಫೋಟೋ ಅಲ್ಲಿಯ ಕಚೇರಿಯ ಗೋಡೆಗೂ ಏರಿದೆಯಂತೆ. "ನಿಮ್ಮ ಎಳ್ಳಿನ ಬೀಜಕ್ಕ ಬಂದೇನ್ರಿ" ಎಂದ. "ಬೀಜ ಇಲ್ಲಪಾ, ಎಲ್ಲಾ ಜೊಳ್ಳು" ಎಂದೆ. "ಕೊಡಾಕ ಮನಸಿಲ್ಲಂದ್ರ ಹಂಗ ಹೇಳ್ರಿ. ಫೋಟೋ ಸುಳ್ಳ ಹೇಳತೈತೇನು?" ಎಂದು ಎದ್ದು ನಡೆದ. ರೋಷನಬಿ ಚಹಾ ತರುವಷ್ಟರಲ್ಲಿ ಅವನಿರಲಿಲ್ಲ.

ಸಾಲು ಬಿತ್ತನೆ ಕೆಟ್ಟದ್ದೆನ್ನುವುದಿಲ್ಲ, ಗೊಬ್ಬರವೂ ವಿಷವಲ್ಲ. ಯಾವ ನೆಲಕ್ಕೆ ಎಷ್ಟು ಅಂತರ, ಎಷ್ಟು ಗೊಬ್ಬರ ಎಂಬುದನ್ನು ಹೊಲದ ಒಂದು ಮೂಲೆಯಲ್ಲಿ ಪರೀಕ್ಷಿಸಿ, ರಾಶಿಯವರೆಗೆ ನಿಂತು ನೋಡಿ ಹೇಳಿರಿ. ಅಲ್ಲಿಯವರೆಗೆ ಡಂಗುರದ ಆಜ್ಞೆ ಹಿಂತೆಗೆದುಕೊಳ್ಳಿ, ಗೋಡೆಗಳಿಂದ ನನ್ನ ಹೊಲವನ್ನು ಇಳಿಸಿ. ನಂಬಿಕೆಯಾಗದಿದ್ದರೆ ಮನೆಗೆ ಬನ್ನಿ. ಒಂದು ಸಿವುಡನ್ನು ತಟ್ಟದೆ, ಹಳೆಯ ಸೀರೆಯಲ್ಲಿ ಸುತ್ತಿ, ರೋಷನಬಿ ತಮಗೆಂದೇ ನಿಲ್ಲಿಸಿದ್ದಾಳೆ. ಜಮಖಾನ ಹಾಸುತ್ತೇವೆ. ತಲೆಕೆಳಗು ಹಿಡಿದು ತಾವೇ ತಟ್ಟಿರಿ. ಬೇಕಿದ್ದರೆ ಅದರದೂ ಒಂದು ಫೋಟೋ ತೆಗೆಸಿಕೊಳ್ಳಿ.

ಇಂತಿ,
ತಮ್ಮ ಫೋಟೋದಲ್ಲಿ ಗಿಡಗಳ ಹಿಂದೆ ರುಮಾಲು ಮಾತ್ರ ಕಾಣುವ
ಬಂದಗಿಸಾಬ
ತಾಂಬಾ, ಇಂಡಿ ತಾಲೂಕು, ೧೯೬೨