ಲೂಪೆಯ ಹರಕೆ, ಗಾರ್ಗಿಯ ಕಾಲು

ಯೂನಿಯನ್ ಸಿಟಿ
ಮೇ ೧೨, ಮಂಗಳವಾರ

ಪ್ರೀತಿಯ ಗಾರ್ಗಿ,

ನಿನಗೆ ಬುದ್ಧಿ ಇದೆಯೇನೇ ಹುಡುಗಿ? ಸ್ಪೇನ್ ದೇಶದಲ್ಲಿ ಅರ್ಧ ದಾರಿ ನಡೆದ ಮೇಲೆ ಅಜ್ಜಿಗೆ ಕಳಿಸುವ ಸುದ್ದಿಯೇ ಇದು, "ಬಸ್ಸು ಹತ್ತಿ ವಾಪಸು ಬಂದುಬಿಡಲಾ ಅಜ್ಜಿ?" ಅಂತ? ಓದುತ್ತ ಓದುತ್ತ ಚಹಾ ಕೈಯಲ್ಲೇ ಆರಿಹೋಯಿತು. ಇರಲಿ, ಮೊದಲು ಆರೋಗ್ಯ ಹೇಳು. ಹಿಮ್ಮಡಿಯ ಬೊಬ್ಬೆ ಒಣಗಿತೋ ಇಲ್ಲವೋ? ಕೊಬ್ಬರಿ ಎಣ್ಣೆ ಹಚ್ಚುತ್ತೀಯೋ, ಅಲ್ಲಿಯ ಯಾವುದೋ ಟ್ಯೂಬು ಹಿಂಡಿಕೊಳ್ಳುತ್ತೀಯೋ? ಬರೀ ಬ್ರೆಡ್ಡು ತಿಂದು ಹೊಟ್ಟೆ ಕಟ್ಟಿಸಿಕೊಳ್ಳಬೇಡ. ಇಲ್ಲಿ ನಾನು, ನಿನ್ನ ಅಪ್ಪ ಅಮ್ಮ ಚೆನ್ನಾಗಿದ್ದೇವೆ. ಇದನ್ನು ನಿನ್ನಪ್ಪ ಫೋಟೋ ತೆಗೆದು ನಿನ್ನ ಫೋನಿಗೆ ಹಾಕುತ್ತಾನೆ. ಒತ್ತಕ್ಷರ ತೊಡಕಾದರೆ ಎರಡು ಸಲ ಓದು. ಸಣ್ಣವಳಿದ್ದಾಗ ಕೂಡಿಸಿಕೊಂಡು ತಿದ್ದಿಸಿದ್ದು ಇಂಥ ದಿನಕ್ಕೇ.

ನಿನ್ನ ಚಿತ್ರಗಳನ್ನೆಲ್ಲ ನೋಡಿದೆ. ಕಲ್ಲು ಹಾಸಿದ ಓಣಿ, ಸಾವಿರ ವರ್ಷದ ಚರ್ಚು, ಅದರ ಗಂಟೆಗೋಪುರದ ಮೇಲೆ ಗೂಡು ಕಟ್ಟಿದ ಕೊಕ್ಕರೆ, ಗೋಡೆಗಳ ಮೇಲೆ ದಾರಿ ತೋರಿಸುವ ಹಳದಿ ಬಾಣ. ಆ ಓಣಿಯಲ್ಲಿ ಬೆನ್ನಿಗೆ ಚೀಲ, ಚೀಲಕ್ಕೆ ಯಾತ್ರಿಕರ ಗುರುತಿನ ಚಿಪ್ಪು ಕಟ್ಟಿಕೊಂಡು ನಿಂತವಳು ನನ್ನ ಮೊಮ್ಮಗಳು! ಗುಡಿಗೆ ಹೋದಾಗ ಕಂಡ ಕಂಡವರಿಗೆಲ್ಲ ತೋರಿಸಿದೆ. ಪಕ್ಕದ ಬೀದಿಯ ವಸುಧಾ, "ಅದು ಕ್ರಿಶ್ಚಿಯನ್ನರ ಯಾತ್ರೆ ಅಲ್ವಾ ಆಂಟಿ, ನಮ್ ಹುಡುಗೀಗ್ ಯಾಕ್ ಬೇಕಿತ್ತು?" ಅಂದಳು. "ನಿನ್ನ ಮಗ ಮೊದಲ ಪಾರ್ಕಿಂಗಿನಿಂದ ಗುಡಿ ಬಾಗಿಲತನಕ ನಡದ ಬರ್ಲಿ, ಆಮ್ಯಾಲೆ ಮಾತಾಡೋಣವಾ" ಅಂದೆ.

ಆದರೆ ಅವಳು ಕೇಳಿದ್ದನ್ನೇ ನೀನೂ ಕೇಳಿದೆಯಲ್ಲ, ಅದು ನನಗೆ ನಾಟಿತು. ಹರಕೆ ನಿನ್ನ ಅತ್ತೆ ಲೂಪೆಯದು. ನಿನ್ನ ಗಂಡ ಮಾತೆಯೊ ಕೂಸಾಗಿದ್ದಾಗ ಉಸಿರು ಸಿಕ್ಕಿ ನೀಲಿಗಟ್ಟಿದ್ದನಂತೆ. ಮಗು ಉಳಿದರೆ ಸ್ಯಾಂಟಿಯಾಗೊವರೆಗೆ ನಡೆದು ಬರುತ್ತೇನೆ ಅಂತ ಮೆಕ್ಸಿಕೊದ ತನ್ನ ಊರದೇವರಿಗೆ, ನಮ್ಮ ಮೈಲಾರಲಿಂಗನ ಹಾಗೆ ಬಿಳಿ ಕುದುರೆ ಏರಿದ, ಆ ಸ್ಯಾಂಟಿಯಾಗೊದಲ್ಲೇ ಸಮಾಧಿ ಇರುವ ಸಂತನಿಗೆ, ಬೇಡಿಕೊಂಡಳು. ಮಗು ಉಳಿಯಿತು. ಆದರೆ ಹಣ್ಣಿನ ಕಾರ್ಖಾನೆಯಲ್ಲಿ ನಿಂತು ನಿಂತು ಅವಳ ಮೊಣಕಾಲು ಹೋಯಿತು. "ನಾನು ನಡೀತೀನಿ" ಅಂತ ಎದ್ದವಳು ನೀನು, ಯಾರೂ ನೂಕಲಿಲ್ಲ. ಈಗ, "ಇದು ನನ್ನ ದೇವರಲ್ಲ, ನಾನು ನಡೆದರೆ ಅವರಿಗೆ ಸಲ್ಲುತ್ತಾ? ಮೋಸ ಮಾಡಿದ ಹಾಗೆ ಅನ್ನಿಸುತ್ತೆ" ಅನ್ನುತ್ತೀಯ. ನಮ್ಮೂರ ಅಡಿವೆಪ್ಪ ಶ್ರೀಶೈಲಕ್ಕೆ ನಡೆದು ಹೋಗುವಾಗ ಏಳಲಾರದವರ ಹರಕೆಯನ್ನೂ ಹೊತ್ತುಕೊಂಡು ಹೋಗುತ್ತಿದ್ದ. ನಿನ್ನ ಭಕ್ತಿ ಎಷ್ಟು ಅಂತ ಅವನನ್ನು ಯಾರೂ ತೂಗಿ ನೋಡಲಿಲ್ಲ.

ನನ್ನ ಮಾತು ನಿನಗೆ ಸಾಲದು ಅಂತ ನಿನ್ನೆ ಲೂಪೆಯ ಮನೆಗೆ ಹೋದೆ. ನಿನ್ನ ಚಾಡಿ ಹೇಳಲಿಲ್ಲ, ಹೆದರಬೇಡ. ನಮ್ಮಿಬ್ಬರ ಇಂಗ್ಲಿಷು ನಿನಗೆ ಗೊತ್ತೇ ಇದೆ. "ಗಾರ್ಗಿ ಹಿಂದೂ. ವಾಕ್ ಓಕೆ?" ಅಂದೆ. ಕಾಳು ಕದಡುತ್ತಿದ್ದ ಸೌಟು ಕೆಳಗಿಟ್ಟು, "ಮೈ ಡಾಟರ್ ವಾಕ್, ಐ ವಾಕ್" ಅಂದಳು. ಸೊಸೆ ಅನ್ನಲಿಲ್ಲ, ಮಗಳು ಅಂದಳು. ನನಗೆ ಒಂದಿಷ್ಟು ಹೊಟ್ಟೆಕಿಚ್ಚಾಯಿತು. ಹೆಮ್ಮೆ ಎಷ್ಟಾಯಿತು ಅಂತ ಬರೆಯಲು ಈ ಹಾಳೆ ಸಾಲದು.

ಹಾಗಾಗಿ ಕೇಳು. ಕಾಲು ನಿಜವಾಗಿ ಆಗದಿದ್ದರೆ ಬಸ್ಸು ಹತ್ತು, ನಾನೂ ಬೈಯುವುದಿಲ್ಲ. "ನನಗೆ ನಡೆಯುವ ಹಕ್ಕಿಲ್ಲ" ಅಂದುಕೊಂಡು ಹತ್ತಿದರೆ ಮಾತ್ರ, ಏರ್‌ಪೋರ್ಟಿಗೇ ಬಂದು ನಾಲ್ಕು ಜನರ ಮುಂದೆ ಬೈಯುತ್ತೇನೆ.

ದಾರಿಯಲ್ಲಿ ನಿನಗೆ ನೆರಳು ಸಿಗಲಿ, ಒಳ್ಳೆಯ ಜನ ಸಿಗಲಿ.

ನಿನ್ನ ಅಜ್ಜಿ
ನೀಲವ್ವ

ತಾ.ಕ.: ನಿನ್ನಪ್ಪ ಫೋನು ಹಿಡಿದು ಅವಸರ ಮಾಡುತ್ತಿದ್ದಾನೆ, ಹೇಳಬೇಕಾದದ್ದೇ ಉಳಿದಿದೆ. ಯಾತ್ರೆ ಮುಗಿಸಿ ಬಂದವರಿಗೆ ನಿಮ್ಮಲ್ಲಿ ಏನು ಮಾಡುತ್ತೀರಿ ಅಂತ ನಿನ್ನೆ ಲೂಪೆ ಕೈಸನ್ನೆಯಲ್ಲಿ ಕೇಳಿದಳು. ಕಾಲಿಗೆ ನೀರು ಹಾಕಿ, ಹಿರಿಯರೂ ಬಗ್ಗಿ ಪಾದ ಮುಟ್ಟುತ್ತೇವೆ ಅಂತ ಮಾಡಿ ತೋರಿಸಿದೆ. ಇವತ್ತು ಮಧ್ಯಾಹ್ನ ಹೋಗಿ ನೋಡಿದರೆ, ಆ ಮೊಣಕಾಲಿನಲ್ಲಿ, ಅಡುಗೆಮನೆಯ ಸಿಂಕು ಹಿಡಿದುಕೊಂಡು ಬಗ್ಗುವುದನ್ನು ಕಲಿಯುತ್ತಿದ್ದಾಳೆ. ನೀನು ಬಂದ ದಿನ ಅವಳು ಬಗ್ಗಿದರೆ ಕಾಲು ಹಿಂದಕ್ಕೆ ಎಳೆದುಕೊಳ್ಳಬೇಡ. ಪಕ್ಕದಲ್ಲಿ ನಾನೂ ಬಗ್ಗುವವಳೇ. ನಡೆಯುತ್ತೀಯೋ, ಬಸ್ಸು ಹತ್ತುತ್ತೀಯೋ ಅಂತ ಜೂನ್ ತಿಂಗಳು ಹುಟ್ಟುವ ಮೊದಲು ಕನ್ನಡದಲ್ಲಿ, ಕೈಯಾರೆ ಬರೆದು ತಿಳಿಸು.