ರಿವರ್ಸ್ ಹೊಲಿಗೆ

ಮೇ ೮, ಗುರುವಾರ. ಮಧ್ಯಾಹ್ನ

ಬಾಬಿನ್ ಮಲಗಿದ. ಅಂತೂ. ಚಡ್ಡಿಯ ಮಡಿಕೆಯಲ್ಲಿ ಮರಳು, ಕಿವಿಯಲ್ಲಿ ಮರಳು. ಮೂರು ಸಲ ತೊಳೆದೆ, ಬಚ್ಚಲಿನ ಜಾಲರಿ ಮೇಲೇ ಒಂದು ಬೀಚು ಎದ್ದಿದೆ. ಸಮುದ್ರ ಕಂಡದ್ದೇ ತಡ, "ಅಜ್ಜೀ, ನಲ್ಲಿ ನಿಲ್ಸು" ಎಂದ. ನಕ್ಕೂ ನಕ್ಕೂ ಸುಸ್ತಾದೆ.

ಲಾಡ್ಜಿನಲ್ಲಿ ಎರಡು ರೂಮು, ನಡುವೆ ತೆಳ್ಳನೆಯ ಗೋಡೆ. ಆ ಕಡೆ ಸೊಸೆ ಮತ್ತು ಅವಳ ಹೊಸ ಗಂಡ. ಈ ಕಡೆ ನಾನು, ಮೊಮ್ಮಗ ಬಾಬಿನ್. ಮೆಷಿನ್ನಿನ ದಾರದ ಉರುಳೆಯಂತೆ ಗುಂಡಗಿದ್ದಾನೆಂದು ನಾನಿಟ್ಟ ಹೆಸರು. ಹೊಸ ಗಂಡನದು ಕನ್ನಡಕದ ಅಂಗಡಿ. ಅವನ ಮೂಗಿನ ಮೇಲೂ ದಪ್ಪನೆಯದೊಂದು. ಇಲ್ಲಿ ಅವನ ಹೆಸರು ಸೋಡಾಬುಡ್ಡಿ — ಯಾರು ಓದುತ್ತಾರೆ?

"ನಿನಗಿನ್ನೂ ವಯಸ್ಸಿದೆ, ಮದ್ವೆ ಮಾಡ್ಕೋ" ಎಂದು ಸೊಸೆಯ ಬೆನ್ನು ಬಿದ್ದವಳು ನಾನೇ. ಮಗ ಬೈಕಿನಿಂದ ಬಿದ್ದು ತೀರಿಹೋದಾಗ ಬಾಬಿನ್ ಮೂರು ತಿಂಗಳ ಕೂಸು. ಈಗ ಎರಡೂವರೆ ವರ್ಷ. ಇಷ್ಟೂ ದಿನ ಬೆಳೆದದ್ದು ನನ್ನ ಟೈಲರಿಂಗ್ ಅಂಗಡಿಯ ಬಟ್ಟೆ ಚೂರುಗಳ ನಡುವೆ. ಸೋಮವಾರ ಅವರು ಮೂವರೂ ಸೋಡಾಬುಡ್ಡಿಯ ಊರಿಗೆ. ನಾನೊಬ್ಬಳು ಅಂಗಡಿಗೆ. ಅಸಲಿಗಿಂತ ಬಡ್ಡಿ ಮೇಲೆ ಪ್ರೀತಿ ಹೆಚ್ಚು ಅನ್ನುತ್ತಾರೆ. ಅಸಲೂ ಹೋಗಿ ಬಡ್ಡಿಯೂ ಹೋಗುವವಳಿಗೆ ಏನನ್ನುತ್ತಾರೋ...

"ಅತ್ತೆ, ನೀವೂ ಬನ್ನಿ. ನೀವಿಲ್ದೆ ಇವ್ನು ಮಲಗಲ್ಲ. ಇವ್ರಿಗೆ ಮಲಗಿಸೋದು ಕಲಿಸ್ಕೊಡಿ" ಎಂದಳು ಸೊಸೆ. ಅದಕ್ಕೇ ಬಂದದ್ದು. ಚೆನ್ನಾಗಿದೆ ನನ್ನ ರಜೆ!

ಮೇ ೯, ಶುಕ್ರವಾರ

ಪಾಠ ಶುರು, ಅವರ ರೂಮಿನಲ್ಲಿ. ಕಾಲು ಚಾಚಿ ಕೂರಬೇಕು. ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಬೇಕು. ಪಾದ ಹೊಲಿಗೆ ಮೆಷಿನ್ನಿನ ಪೆಡಲ್ ತುಳಿದಂತೆ ಆಡಬೇಕು, ಬಾಯಲ್ಲಿ ಟಕ ಟಕ ಟಕ. ಮೂಲೆ ತಿರುಗಿಸುವಾಗ ನಿಧಾನ, ಆಮೇಲೆ ಮತ್ತೆ ನೇರ.

ಸೋಡಾಬುಡ್ಡಿ ಪರೀಕ್ಷೆಗೆ ಕೂತವನಂತೆ ಬೆವರುತ್ತಿದ್ದ. "ಸ್ಪೀಡ್ ಸಾಕಾ ಅಮ್ಮ?" ಅಮ್ಮನಂತೆ! ಯಾರಿಗೆ ಯಾರು ಅಮ್ಮ?

ಒಂದು ಹೇಳಲಿಲ್ಲ. ಹೊಲಿಗೆ ಮುಗಿದ ಮೇಲೆ ಬಿಚ್ಚಿಕೊಳ್ಳದಿರಲಿ ಎಂದು ರಿವರ್ಸ್ ಹೊಡೆಯುತ್ತೇವಲ್ಲ, ಹಾಗೆ ಕೊನೆಗೆ ಪಾದ ಹಿಂದಕ್ಕೆಳೆದು ಮೂರು ಸಲ ನಿಧಾನಕ್ಕೆ ಟಕ್... ಟಕ್... ಟಕ್. ಎದೆಯ ಮೇಲೆ ಅಂಗೈ. ಅದಿಲ್ಲದಿದ್ದರೆ ಹಾಸಿಗೆಗೆ ಹಾಕಿದ ಕೂಡಲೇ ಬಾಬಿನ್ ಕಣ್ಣು ಬಿಡುತ್ತಾನೆ.

ಬಿಟ್ಟ. "ಅಜ್ಜೀ" ಎಂದು ಅಳುತ್ತಾ ನನ್ನ ಬಾಗಿಲು ಬಡಿದ. ಎತ್ತಿಕೊಂಡೆ. ಕತ್ತು ತಬ್ಬಿಕೊಂಡ. ನನಗಾದ ಖುಷಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

ಮೇ ೧೧, ಭಾನುವಾರ. ಬೆಳಗ್ಗೆ

ನಿನ್ನೆ ಬರೆಯಲಿಲ್ಲ. ರಿವರ್ಸ್ ವಿಷಯ ನಿನ್ನೆಯೂ ಹೇಳಿರಲಿಲ್ಲ.

ಮಗು ಊರು ಕೇಳುವಂತೆ ಅತ್ತಿತು. ಸೋಡಾಬುಡ್ಡಿ ಮೊಣಕಾಲು ಉಜ್ಜಿಕೊಳ್ಳುತ್ತಾ ಬಂದ. "ನನ್ ಕಾಲಲ್ಲೇ ಏನೋ ಐಬಿದೆ ಅಮ್ಮ." ಸೊಸೆ ನನ್ನ ಬಚ್ಚಲಿಗೆ ಬಂದು, ನಲ್ಲಿ ತಿರುಗಿಸಿಟ್ಟು ಅತ್ತಳು. "ಇವ್ನು ಅವ್ರಿಗೆ ಹೊಂದ್ಕೊಳ್ದೇ ಹೋದ್ರೆ ನಾನೇನ್ ಮಾಡ್ಲಿ ಅತ್ತೆ?" "ಹೊಂದ್ಕೋತಾನೆ ಬಿಡೇ" ಎಂದೆ. ಬಾಯಿ ಹೇಳಿತು. ಹೊಟ್ಟೆಯಲ್ಲಿ ಬೇರೆಯೇ ಇತ್ತು.

ಇವತ್ತು ಬೆಳಗ್ಗೆ ಬೀಚಿಗೆ ಹೋದೆವು. ಅವನು ಮಗುವಿನ ಬಕೆಟ್ಟು ತೊಳೆಯಲು ನೀರಂಚಿಗೆ ಬಗ್ಗಿದ್ದ. ಬಾಬಿನ್ ಪಕ್ಕದಲ್ಲೇ. ಎಲ್ಲಿತ್ತೋ ಆ ಅಲೆ, ಇಬ್ಬರನ್ನೂ ಮಗುಚಿ ಹಾಕಿತು. ಕನ್ನಡಕ ಅವನ ಮುಖದಿಂದ ಕಳಚಿ ಕೈಗೆಟುಕುವಷ್ಟು ದೂರದಲ್ಲೇ ನೊರೆಯಲ್ಲಿ ಹೊರಳಿದ್ದು ನನಗೇ ಕಂಡಿತು. ಅವನು ಕೈ ಚಾಚಲಿಲ್ಲ. ಎರಡೂ ಕೈಯಲ್ಲಿ ಮಗುವನ್ನು ಅವುಚಿಕೊಂಡು ಕೂತೇ ಇದ್ದ. ಸಮುದ್ರ ಕನ್ನಡಕವನ್ನು ಎತ್ತಿಕೊಂಡು ಹೋಯಿತು.

ಅದಿಲ್ಲದೆ ಅವನಿಗೆ ಏನೂ ಕಾಣದು. ದಡ ಯಾವುದು, ನೀರು ಯಾವುದು ತಿಳಿಯದೆ ತಡಕಾಡುತ್ತಿದ್ದ. ಬಾಬಿನ್ ಕೆಳಗಿಳಿದು ಅವನ ಬೆರಳು ಹಿಡಿದ. "ಅಪ್ಪ, ಈ ಕಡೆ. ಅಜ್ಜಿ ಇಲ್ಲಿ."

ಅಪ್ಪ. ಯಾರೂ ಹೇಳಿಕೊಡದೆ.

ನನ್ನ ಮಗ ಈ ಮಾತನ್ನು ಒಂದು ದಿನವೂ ಕೇಳಲಿಲ್ಲ. ಅದೊಂದೇ ಈಗ ತಲೆಯಲ್ಲಿ. ಚಪ್ಪಲಿ ತೊಳೆಯುವ ನೆಪದಲ್ಲಿ ಆ ಕಡೆ ತಿರುಗಿ ಅತ್ತೆ. ಅಷ್ಟು ದೊಡ್ಡ ಸಮುದ್ರದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಅದೇ ದಿನ, ಮಧ್ಯಾಹ್ನ

ಹೇಳಿದೆ. ವರಾಂಡದಲ್ಲಿ, ಅವನೊಬ್ಬನೇ ಇದ್ದಾಗ. ನನ್ನ ಕಡೆ ಕಣ್ಣು ಕಿರಿದು ಮಾಡಿ ನೋಡಿದ. ನನ್ನ ಮುಖ ಕಾಣದ್ದು ಒಳ್ಳೆಯದೇ ಆಯಿತು.

"ಕೊನೇಲಿ ರಿವರ್ಸ್ ಇದೆ. ಮರ್ತಿದ್ದೆ."

ಮೊಣಕಾಲು ಉಜ್ಜುವುದನ್ನು ಬಿಟ್ಟ. "ಹೌದಾ ಅಮ್ಮ. ಮರೆವು ಎಲ್ಲರಿಗೂ ಇರತ್ತೆ." ಅವನಿಗೆ ಗೊತ್ತಾಯಿತು. ಗೊತ್ತಾಗಿಯೂ ಅಷ್ಟೇ ಅಂದ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಕೇಳಿದ: "ಇವ್ನ ಅಪ್ಪನ್ನೂ ಹೀಗೇ ಮಲಗಿಸ್ತಿದ್ರಾ?"

ಮಗನ ಮಾತನ್ನು ಯಾರೂ ಎತ್ತುವುದಿಲ್ಲ ಈಗ. ಸೊಸೆ ಇವನ ಮುಖ ನೋಡಿ ಎತ್ತಳು, ನಾನು ಅವಳ ಮುಖ ನೋಡಿ ಎತ್ತೆ. ಕೇಳಿದವನು ಇವನು. "ಅವ್ನು ನಿಜವಾದ ಮೆಷಿನ್ ಪಕ್ಕಾನೇ ಮಲಗ್ತಿದ್ದ, ಬಟ್ಟೆ ಬುಟ್ಟೀಲಿ" ಎಂದೆ. ಹಳೇ ಸ್ಕೂಲ್ ಯೂನಿಫಾರ್ಮಿನ ಕಥೆಯನ್ನೂ ಹೇಳಿದೆ, ಒಂದು ತೋಳು ಉದ್ದ ಹೊಲಿದುಬಿಟ್ಟದ್ದು. ನಕ್ಕ. ನಾನೂ.

ಮೇ ೧೨, ಸೋಮವಾರ. ಮಧ್ಯಾಹ್ನ

ಬ್ಯಾಗು ತುಂಬಿಯಾಯಿತು. ಬಾಬಿನ್ ಮಲಗಿದ ಮೇಲೆ ನಾನು ಹೊರಡುವುದು ಎಂದು ಮಾತು. ಎದ್ದಿರುವಾಗ ನನ್ನಿಂದಾಗದು. ಸೊಸೆ ತಬ್ಬಿಕೊಂಡು ಬಿಡಲೇ ಇಲ್ಲ. "ಪ್ರತಿ ತಿಂಗ್ಳೂ ಕರ್ಕೊಂಡ್ ಬರ್ತೀನಿ ಅತ್ತೆ." ಬರುತ್ತಾಳೆ, ಅವಳ ಮಾತು ಗಟ್ಟಿ. ಆದರೆ ಮುಂದಿನ ತಿಂಗಳಿಗೆ ಅವನಿಗೆ ನನ್ನ ಕಾಲು ಬೇಕಾಗದು. ಬೇಕಾಗಲೂಬಾರದು.

ಗೋಡೆಯಾಚೆ ಶುರುವಾಯಿತು. ಟಕ ಟಕ ಟಕ... ಸ್ವಲ್ಪ ಜೋರು. ಇರಲಿ.

ನಿಧಾನವಾಯಿತು. ಮೂಲೆ. ಮತ್ತೆ ನೇರ.

ನಿಂತಿತು. ಈಗ ನೋಡೋಣ.

ಟಕ್... ಟಕ್... ಟಕ್.

ಅಳುವಿಲ್ಲ. ಹಾಸಿಗೆಗೆ ಹಾಕಿರಬೇಕು. ಈಗಲೂ ಇಲ್ಲ. ಸರಿಯಾಗಿ ಹೊಡೆದ, ಒಂದೇ ದಿನದಲ್ಲಿ ಕಲಿತ. ಟ್ಯಾಕ್ಸಿ ಬಂತು. ಹಾರನ್ ಹೊಡೆಯುತ್ತಿದ್ದಾನೆ — ಥೂ, ಮಗು ಮಲಗಿದೆ ಕಣಯ್ಯ, ಮೆಲ್ಲಗೆ... ಈ ಸದ್ದಿಗೇನಾದರೂ ಎದ್ದು, ಅಜ್ಜೀ ಅಂತ ಈ ಬಾಗಿಲಿಗೇ ಬಂದರೆ ನಾನು —